ಲಿಂಕುಗಳ ಕೋನ, ಬಂಗಾರಪೇಟೆಯ ಬಂಡೆ

ರೇಡಿಯೋ ನಿಯಂತ್ರಿತ ರಾಕ್ ಕ್ರಾಲರ್ ಕಟ್ಟುವವರು ಹಣ ಸುರಿಯುವುದು ಮೋಟಾರಿಗೆ, ಮೆತ್ತನೆಯ ಟಯರಿಗೆ, ಹಿತ್ತಾಳೆಯ ತೂಕಗಳಿಗೆ. ಚಾಸಿ ಮತ್ತು ಆಕ್ಸಲ್ ನಡುವಿನ ನಾಲ್ಕು ಲಿಂಕುಗಳನ್ನು ಮಾತ್ರ ಡಬ್ಬಿಯಲ್ಲಿ ಬಂದಂತೆಯೇ ಬಿಗಿದು ಮರೆತುಬಿಡುತ್ತಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಗಾಡಿ ಬಂಡೆ ಹತ್ತುತ್ತದೋ ಹಿಂದಕ್ಕೆ ಮಗುಚುತ್ತದೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಆ ಲಿಂಕುಗಳ ಕೋನ.

ಇದನ್ನು ಪರೀಕ್ಷಿಸಲು ಕೋಲಾರದ ಈ ಸೀಮೆಗಿಂತ ಒಳ್ಳೆಯ ಜಾಗ ಬೇಡ. ಬಂಗಾರಪೇಟೆಯ ಸುತ್ತ ಇರುವುದು ನೈಸ್ ಶಿಲೆ: ದುಂಡಗಿನ, ಒರಟು ಮೈಯ, ಟಯರನ್ನು ಕಚ್ಚಿ ಹಿಡಿಯುವ ಗುಂಡುಗಳು. ಮಾರಿಕುಪ್ಪಂ ರೈಲು ಹತ್ತಿ ಕೆಜಿಎಫ್ ಕಡೆ ಹೋದರೆ ಕಲ್ಲೇ ಬೇರೆ. ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಚಾಚಿದ ಶಿಸ್ಟ್ ಪಟ್ಟಿ ಅದು. 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಗಳು ಚಿನ್ನ ತೆಗೆದದ್ದು ಇದೇ ಪಟ್ಟಿಯೊಳಗಿಂದ. ಇಲ್ಲಿನ ಕಪ್ಪು ಕಲ್ಲು ಚೂಪಾಗಿ ಒಡೆಯುತ್ತದೆ, ಕಾಲಡಿಯಲ್ಲಿ ಜಾರುತ್ತದೆ. ಸೈನೈಡ್ ದಿಬ್ಬಗಳ ಮೇಲಂತೂ ಗಾಡಿ ಓಡಿಸಲೇಬಾರದು. ಅದಿರು ಅರೆದು ಉಳಿದ ನುಣುಪು ಪುಡಿ ಅದು. ತಲೆಮಾರುಗಳ ಕಾಲ ಗಣಿ ಕಾರ್ಮಿಕರ ಶ್ವಾಸಕೋಶ ತಿಂದದ್ದು ಕಲ್ಲಿನ ಧೂಳೇ.

ಈಗ ಕೋನದ ಲೆಕ್ಕಕ್ಕೆ ಬರೋಣ. ಪಕ್ಕದಿಂದ ನೋಡುವಾಗ ಹಿಂದಿನ ಮೇಲಿನ ಲಿಂಕನ್ನೂ ಕೆಳಗಿನ ಲಿಂಕನ್ನೂ ಮುಂದಕ್ಕೆ ಎಳೆದರೆ ಎರಡೂ ಒಂದು ಬಿಂದುವಿನಲ್ಲಿ ಕೂಡುತ್ತವೆ. ಹಿಂದಿನ ಟಯರು ನೆಲ ಮುಟ್ಟುವ ಜಾಗದಿಂದ ಆ ಬಿಂದುವಿನ ಮೂಲಕ ಹಾಯುವ ಗೆರೆ ಮುಂದಿನ ಆಕ್ಸಲ್ ತಲುಪುವಾಗ ಎಷ್ಟು ಎತ್ತರದಲ್ಲಿದೆ ಎಂದು ನೋಡಬೇಕು. ಗಾಡಿಯ ಗುರುತ್ವಕೇಂದ್ರದ ಎತ್ತರಕ್ಕೆ ಅದು ಸಮವಾದರೆ ಆಂಟಿ-ಸ್ಕ್ವಾಟ್, ಅಂದರೆ ಹಿಂಭಾಗದ ಕುಸಿತವನ್ನು ತಡೆಯುವ ಗುಣ, 100%. ಹೆಚ್ಚಾದರೆ ಥ್ರಾಟಲ್ ಕೊಟ್ಟಾಗ ಹಿಂಭಾಗ ಎದ್ದು ನಿಲ್ಲುತ್ತದೆ, ಕಡಿಮೆಯಾದರೆ ಕುಸಿಯುತ್ತದೆ.

313 ಮಿ.ಮೀ. ವೀಲ್‌ಬೇಸ್, 90 ಮಿ.ಮೀ. ಎತ್ತರದ ಗುರುತ್ವಕೇಂದ್ರ ಇರುವ ಗಾಡಿ ಎಂದಿಟ್ಟುಕೊಳ್ಳಿ. ಕೆಳಗಿನ ಲಿಂಕು ಆಕ್ಸಲ್ ಬಳಿ 50, ಅಲ್ಲಿಂದ 120 ಮಿ.ಮೀ. ಮುಂದೆ ಚಾಸಿಯಲ್ಲಿ 65 ಮಿ.ಮೀ. ಎತ್ತರದಲ್ಲಿದೆ, ಮೇಲಿನದು 85ರಲ್ಲಿ ಮಟ್ಟಸವಾಗಿದೆ. ಆಂಟಿ-ಸ್ಕ್ವಾಟ್ ಸುಮಾರು 106% ಬರುತ್ತದೆ. ಆಕ್ಸಲ್‌ನಿಂದ 110 ಮಿ.ಮೀ. ಮುಂದಿರುವ ಮೇಲಿನ ಲಿಂಕಿನ ಚಾಸಿ ತುದಿಯನ್ನು ಬರೇ 5 ಮಿ.ಮೀ. ಇಳಿಸಿ, 128% ಆಗುತ್ತದೆ. ಒಂದು ತೂತು ಕೆಳಗೆ ಬಿಗಿದದ್ದಕ್ಕೆ ಇಷ್ಟು! ಹಾಗಿದ್ದೂ ಈ ಕೆಲಸಕ್ಕೆ ಹೊಸ ಬಿಡಿಭಾಗ ಬೇಡ, ಒಂದು ಸ್ಕ್ರೂ ಡ್ರೈವರ್ ಸಾಕು.

ಆದರೂ 100ರ ಅಂಕಿಯನ್ನೇ ಪೂಜಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಆ ಲೆಕ್ಕ ಮೇಜಿನ ಮೇಲೆ ಸಮವಾಗಿ ನಿಂತ ಗಾಡಿಯದು. ಕಡಿದಾದ ಬಂಡೆಯಲ್ಲಿ ಭಾರವೆಲ್ಲ ಹಿಂದಕ್ಕೆ ಬಂದು ಶಾಕ್‌ಗಳು ಕುಗ್ಗುತ್ತವೆ, ಲಿಂಕುಗಳ ಇಳಿಜಾರು ಬದಲಾಗುತ್ತದೆ, ಕೂಡುವ ಬಿಂದುವೂ ಸರಿಯುತ್ತದೆ. ಎರಡು ಜೋಡಣೆಗಳನ್ನು ಹೋಲಿಸಲು ಅಂಕಿ ಬೇಕು. ಗುರಿಯಾಗಿ ಅದು ಕೆಲಸಕ್ಕೆ ಬಾರದು. ನೈಸ್ ಗುಂಡಿನ ಮೇಲೆ ಹಿಡಿತ ಚೆನ್ನಾಗಿರುವುದರಿಂದ ಹೆಚ್ಚು ಆಂಟಿ-ಸ್ಕ್ವಾಟ್ ಅಪಾಯ: ಹಿಂಭಾಗ ಎದ್ದು ಕುಪ್ಪಳಿಸುತ್ತದೆ. ಶಿಸ್ಟ್ ಚೂರುಗಳಲ್ಲಿ ಸ್ವಲ್ಪ ಹೆಚ್ಚಿದ್ದರೆ ಲಾಭವೇ, ಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ.

ಗಾಡಿ ಎತ್ತರವಾಗಿ ಕಾಣಲೆಂದು ಉದ್ದದ ಶಾಕ್ ಹಾಕುವ ಚಾಳಿಯೇ ಎಲ್ಲಕ್ಕಿಂತ ಕೆಟ್ಟದ್ದು. ಕೆಳಗಿನ ಲಿಂಕುಗಳು ಕಡಿದಾಗಿ ನಿಲ್ಲುತ್ತವೆ, ಗುರುತ್ವಕೇಂದ್ರ ಏರುತ್ತದೆ, ಡ್ರೈವ್ ಶಾಫ್ಟ್ ಕೋನ ಕೆಡುತ್ತದೆ. 2017ರಲ್ಲಿ ಬಂದ ಟ್ರಾಕ್ಸಸ್ ಟಿಆರ್‌ಎಕ್ಸ್-4 ಕ್ರಾಲರ್ ಎತ್ತರವನ್ನು ಚಕ್ರದ ನಡುವಿಗಿಂತ ಮೇಲೆ ಕೂರುವ ಪೋರ್ಟಲ್ ಆಕ್ಸಲ್‌ನಿಂದ ಗಳಿಸಿತು. ಚಕ್ರದ ಬಳಿಯ ಗೇರುಗಳೇ ವೇಗ ತಗ್ಗಿಸುವುದರಿಂದ ಶಾಫ್ಟ್ ಮೇಲಿನ ತಿರುಚುಬಲ ಕಡಿಮೆ, ಚಾಸಿ ಒಂದು ಬದಿಗೆ ವಾಲುವುದೂ ಕಡಿಮೆ. ಮೆಚ್ಚಬೇಕಾದ ವಿನ್ಯಾಸ, ಆದರೆ ತಪ್ಪು ಲಿಂಕುಗಳನ್ನು ಅದೂ ಸರಿಪಡಿಸಲಾರದು.

ಮುಂದಿನ ಆಕ್ಸಲ್‌ನಲ್ಲಿ, ಅದು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಇದ್ದರೆ ಅದೂ ಸ್ಟಿಯರಿಂಗ್ ಲಿಂಕೂ ಸಮಾನಾಂತರವಾಗಿರಬೇಕು, ಉದ್ದವೂ ಆದಷ್ಟು ಒಂದೇ ಇರಬೇಕು. ಇಲ್ಲದಿದ್ದರೆ ಸಸ್ಪೆನ್ಷನ್ ಏರಿಳಿದಾಗಲೆಲ್ಲ ಚಕ್ರಗಳು ತಾವಾಗಿಯೇ ತಿರುಗುತ್ತವೆ, ಬಂಡೆಯ ಅಂಚಿನಲ್ಲಿ ಗಾಡಿ ಹಿಡಿದ ದಾರಿ ಬಿಡುತ್ತದೆ.