ಬೇಲಿ ದಾಟಿದರೂ ಮುಗಿಯದ ಗಡಿ

ಜಾನಿ ಮ್ಯಾಕ್ ನಿರ್ದೇಶಿಸಿದ 'ಲಾಂಗ್ ಆರ್ಮ್ ಆಫ್ ದಿ ಲಾ' (1984) ಎಂಬ ಹಾಂಗ್‌ಕಾಂಗ್ ಸಿನಿಮಾವನ್ನು ಸಾಮಾನ್ಯವಾಗಿ ಅಪರಾಧ ಚಿತ್ರಗಳ ಸಾಲಿಗೆ ಸೇರಿಸುತ್ತಾರೆ. ಚೀನಾದಿಂದ ಕದ್ದು ಗಡಿ ದಾಟಿ ಬಂದ ಗೆಳೆಯರ ಗುಂಪೊಂದು ಒಡವೆ ಅಂಗಡಿ ದೋಚಲು ಹೊರಡುತ್ತದೆ, ಪೊಲೀಸರು ಬೆನ್ನು ಹತ್ತುತ್ತಾರೆ. ನಾನು ಮಾತ್ರ ಇದನ್ನು ಗಡಿಯ ಸಿನಿಮಾ ಎಂದೇ ಓದುತ್ತೇನೆ.

ಹಾಗೆ ಓದಲು ಅಂದಿನ ಬ್ರಿಟಿಷ್ ವಸಾಹತಿನ ಒಂದು ವಿಚಿತ್ರ ನಿಯಮ ತಿಳಿದಿರಬೇಕು. 1974ರಿಂದ 1980ರವರೆಗೆ, ಗಡಿಯ ಬಳಿ ಸಿಕ್ಕಿಬಿದ್ದವರನ್ನು ಚೀನಾಕ್ಕೆ ವಾಪಸ್ ಕಳಿಸುತ್ತಿದ್ದರು. ಪೊಲೀಸರ ಕಣ್ತಪ್ಪಿಸಿ ನಗರ ಮುಟ್ಟಿದವರಿಗೆ ಅಲ್ಲೇ ಉಳಿಯಲು ಅವಕಾಶವಿತ್ತು. ಮಕ್ಕಳ ಮುಟ್ಟಾಟದ ಹಾಗೆ ಇದಕ್ಕೆ 'ಟಚ್ ಬೇಸ್' ಎಂದೇ ಹೆಸರು. ಬೇಲಿಯ ಬಳಿ ನುಸುಳುಕೋರನಾದವನು ನಗರ ಸೇರಿದರೆ ನಿವಾಸಿ! 1980ರ ಅಕ್ಟೋಬರ್‌ನಲ್ಲಿ ಈ ನಿಯಮ ರದ್ದಾಯಿತು, ಗುರುತಿನ ಚೀಟಿ ಸದಾ ಜೊತೆಗಿರುವುದು ಕಡ್ಡಾಯವಾಯಿತು. ಗಡಿ ಬೇಲಿಯನ್ನು ಬಿಟ್ಟು ಜನರ ಜೇಬಿಗೆ ಬಂತು.

ಸಿನಿಮಾದ ಹಾಂಗ್‌ಕಾಂಗ್ ಈ ಬದಲಾವಣೆಯ ನಂತರದ್ದು. ಬಂದವರಿಗೆ ಉಳಿಯುವ ದಾರಿಯಿಲ್ಲ, ದೋಚಿ ಮರಳುವ ದಾರಿ ಮಾತ್ರ. ಊರಿನ ಒಬ್ಬ ದಲ್ಲಾಳಿ ಅವರಿಂದ ಕೊಲೆ ಮಾಡಿಸುತ್ತಾನೆ. ಸತ್ತವನು ಪೊಲೀಸ್ ಎಂಬುದು ಅವರಿಗೆ ಆಮೇಲೆ ತಿಳಿಯುತ್ತದೆ. ಅದೇ ದಲ್ಲಾಳಿ ಮುಂದೆ ಪೊಲೀಸರಿಗೆ ಮಾಹಿತಿದಾರನಾಗುತ್ತಾನೆ. ಬಂದವರಿಗೆ ನಗರ ತಿಳಿಯುವುದೂ, ನಗರದ ಪೊಲೀಸರಿಗೆ ಬಂದವರು ತಿಳಿಯುವುದೂ ಈ ಒಬ್ಬ ದ್ರೋಹಿಯ ಮೂಲಕವೇ. ಗಡಿ ಕಾಯುವ ವ್ಯವಸ್ಥೆಯ ಬಗ್ಗೆ ಇದಕ್ಕಿಂತ ಕಟುವಾದ ಟೀಕೆ ಬೇಕೆ?

ಕೊನೆಯ ಕಾಳಗ ನಡೆಯುವುದು ಕೌಲೂನ್ ಕೋಟೆಯೂರಿನಲ್ಲಿ. 1898ರ ಒಪ್ಪಂದ ಸುತ್ತಲಿನ ನೆಲವನ್ನು ಬ್ರಿಟಿಷರಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಆದರೆ ಈ ಪುಟ್ಟ ಕೋಟೆಯೊಳಗೆ ಚೀನಾದ ಅಧಿಕಾರಿಗಳೇ ಮುಂದುವರಿಯಬೇಕೆಂದಿತ್ತು. ಮರುವರ್ಷವೇ ಬ್ರಿಟಿಷರು ಅವರನ್ನು ಹೊರಹಾಕಿದರು. ಚೀನಾ ತನ್ನ ಹಕ್ಕು ಬಿಟ್ಟುಕೊಡಲಿಲ್ಲ, ಕೋಟೆಯೊಳಗೆ ಕೈಹಾಕಲು ವಸಾಹತಿನ ಆಡಳಿತ ದಶಕಗಳ ಕಾಲ ಹಿಂಜರಿಯಿತು. ಚೀನಾದಿಂದ ತಪ್ಪಿಸಿಕೊಂಡು ಬಂದವರು ಕೊನೆಗೆ ಸಾಯುವುದು ಚೀನಾ ತನ್ನದೆನ್ನುವ ನೆಲದಲ್ಲೇ. ಆ ಕತ್ತಲ ಓಣಿಗಳನ್ನು ಅಪರಾಧ ಚಿತ್ರದ ಹಿನ್ನೆಲೆಯಾಗಿಯಷ್ಟೇ ನೋಡಿದರೆ ಈ ಕ್ರೂರ ವ್ಯಂಗ್ಯ ಕೈತಪ್ಪುತ್ತದೆ.

ಹಾಂಗ್‌ಕಾಂಗನ್ನು 1997ರಲ್ಲಿ ಚೀನಾಕ್ಕೆ ಮರಳಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ 1984ರಲ್ಲೇ. ಹಾಗಾಗಿ ಈ ಗುಂಪನ್ನು ಬರಲಿರುವ ಚೀನಾದ ಕುರಿತ ಭಯದ ರೂಪಕವಾಗಿ ಓದುವುದುಂಟು. ಆ ಓದು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಅದರಲ್ಲೊಂದು ಅನ್ಯಾಯವಿದೆ. ಗಡಿ ದಾಟಿದವರನ್ನು ಕಾನೂನು ನುಸುಳುಕೋರರೆಂದು ಕರೆದು ಮುಗಿಸುತ್ತದೆ, ವಿಮರ್ಶೆ ರೂಪಕವೆಂದು ಕರೆದು ಮುಗಿಸುತ್ತದೆ. ಎರಡರಲ್ಲೂ ಮನುಷ್ಯರು ಕಾಣೆಯಾಗುತ್ತಾರೆ. ಸಿನಿಮಾಕ್ಕೂ ಮಿತಿಗಳಿವೆ. ಗುಂಡಿನ ಸದ್ದಿನ ರೋಮಾಂಚನಕ್ಕೆ ಅದು ಹಲವು ಸಲ ಮನಸೋಲುತ್ತದೆ. ಆದರೂ ಈ ಗುಂಪಿನ ಗೆಳೆತನವನ್ನೂ ಹಸಿವನ್ನೂ ಅದು ಕೊನೆಯವರೆಗೆ ಕೈಬಿಡುವುದಿಲ್ಲ. ನಮ್ಮ ವಿಮರ್ಶೆಯೂ ಅದನ್ನು ಕೈಬಿಡಬಾರದು.