ಸೂಜಿ ಹಿಡಿದ ನೆಫ್ರಾಲಜಿಸ್ಟರು

ಪೆರಿಟೋನಿಯಲ್ ಡಯಾಲಿಸಿಸ್‌ಗೆ ಹೊಟ್ಟೆಯೊಳಗೆ ಕ್ಯಾಥೆಟರ್ ಕೂರಿಸುವ ಕೆಲಸ ಸರ್ಜನ್‌ರದ್ದೆಂದು ಅನೇಕ ಆಸ್ಪತ್ರೆಗಳು ತಿಳಿದಿವೆ. ಆದರೆ 1968ರಲ್ಲಿ ಈ ಸಿಲಿಕೋನ್ ನಳಿಕೆಯನ್ನು ರೂಪಿಸಿದ ಸಿಯಾಟಲ್‌ನ ಹೆನ್ರಿ ಟೆಂಕಾಫ್ ಕಿಡ್ನಿ ವೈದ್ಯರೇ. ಶಸ್ತ್ರಕ್ರಿಯೆ ಇಲ್ಲದೆ ಅದನ್ನು ಒಳಸೇರಿಸುವ ಸಾಧನವನ್ನೂ ಅವರು ಕೊಟ್ಟಿದ್ದರು. ಹಾಗಾಗಿ ಈಗ ನೆಫ್ರಾಲಜಿಸ್ಟರು ಈ ಕೆಲಸಕ್ಕೆ ಮುಂದಾಗುವುದನ್ನು ಅತಿಕ್ರಮಣ ಎನ್ನಲಾಗದು.

ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಕಾಯಿಸದಿರುವುದು. ಸರ್ಜನ್, ಅರಿವಳಿಕೆ ತಜ್ಞರು, ಥಿಯೇಟರ್ ಮೂರೂ ಒಟ್ಟಿಗೆ ಸಿಗುವಷ್ಟರಲ್ಲಿ ರೋಗಿಯ ಉಸಿರು ಕಟ್ಟಿ, ಕುತ್ತಿಗೆಗೆ ನಳಿಕೆ ಹಾಕಿ ರಕ್ತದ ಡಯಾಲಿಸಿಸ್ ಶುರುವಾಗಿರುತ್ತದೆ. ಆಮೇಲೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪೆರಿಟೋನಿಯಲ್ ಡಯಾಲಿಸಿಸ್‌ನ ಮಾತನ್ನು ಯಾರೂ ಎತ್ತುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾದ ಕೂಲಿಕಾರನಿಗೆ ಈ ವ್ಯತ್ಯಾಸ ಬದುಕನ್ನೇ ತಿರುಗಿಸುವ ಸಂಗತಿ.

ವಿಧಾನ ಸರಳ, ಆದರೆ ಸಲೀಸಲ್ಲ. ಮಲಬದ್ಧತೆ ನಿವಾರಿಸಿ, ಮೂತ್ರಕೋಶ ಖಾಲಿ ಮಾಡಿಸಿ, ಆಂಟಿಬಯಾಟಿಕ್ ಕೊಟ್ಟು, ಹೊಕ್ಕುಳ ಕೆಳಗಿನ ಜಾಗವನ್ನಷ್ಟೇ ಮರಗಟ್ಟಿಸಿ ಸೂಜಿ ಚುಚ್ಚುತ್ತಾರೆ. ಅದರ ಮೂಲಕ ತೆಳುತಂತಿ, ತಂತಿಯ ಮೇಲೆ ಸೀಳಿ ತೆಗೆಯಬಹುದಾದ ಕೊಳವೆ, ಅದರೊಳಗಿಂದ ಕಿಬ್ಬೊಟ್ಟೆಯ ತಳಕ್ಕೆ ಕ್ಯಾಥೆಟರ್. ನಳಿಕೆ ಚರ್ಮದಿಂದ ಹೊರಬರುವ ಬಾಯಿ ಮೇಲ್ಮುಖವಾಗದಂತೆ ನೋಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಅಲ್ಲಿ ಬೆವರು, ನೀರು ನಿಂತು ಸೋಂಕಿಗೆ ದಾರಿ. ಗಾಯ ಮಾಗಲು ಸಾಮಾನ್ಯವಾಗಿ ಎರಡು ವಾರ ಬಿಡುತ್ತಾರೆ. ತುರ್ತಿದ್ದರೆ ರೋಗಿಯನ್ನು ಮಲಗಿಸಿ ಕಡಿಮೆ ದ್ರವದಿಂದ ಮೊದಲೇ ಆರಂಭಿಸುವುದೂ ಉಂಟು.

ನನ್ನ ತಕರಾರು ಇರುವುದು ಕಣ್ಣಿಗೆ ಕಾಣದ ಆ ಮೊದಲ ಚುಚ್ಚಿನ ಬಗ್ಗೆ. ಸಿಸೇರಿಯನ್, ಗರ್ಭಕೋಶದ ಶಸ್ತ್ರಕ್ರಿಯೆ ಆದ ಹೆಂಗಸರಲ್ಲಿ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರಬಹುದು. ಅಲ್ಟ್ರಾಸೌಂಡ್ ಇಲ್ಲದೆ ಅಲ್ಲಿ ಸೂಜಿ ಹಾಕುವುದು ಸಲ್ಲದು. ಹರ್ನಿಯಾ ಇದ್ದವರಿಗೂ ತೊಡಕಿನ ಹೊಟ್ಟೆಗಳಿಗೂ ಲ್ಯಾಪರೋಸ್ಕೋಪಿಯೇ ಮೇಲು. ಅದರಲ್ಲಿ ಅಂಟು ಬಿಡಿಸಬಹುದು, ನಳಿಕೆಗೆ ಸುತ್ತಿಕೊಳ್ಳುವ ಕೊಬ್ಬಿನ ಪೊರೆಯನ್ನು ಮೇಲಕ್ಕೆ ಕಟ್ಟಿಡಬಹುದು.

ನೆಫ್ರಾಲಜಿಸ್ಟರ, ಸರ್ಜನ್‌ರ ಫಲಿತಾಂಶಗಳು ಸರಿಸಮ ಎನ್ನುವ ವರದಿಗಳನ್ನು ಎಚ್ಚರದಿಂದ ಓದಬೇಕು. ಸುಲಭದ ಹೊಟ್ಟೆಗಳು ನೆಫ್ರಾಲಜಿಸ್ಟರಿಗೆ, ಕಷ್ಟದವು ಸರ್ಜನ್‌ರಿಗೆ ಹೋಗುವಲ್ಲಿ ಹೋಲಿಕೆಯೇ ವಾಲಿರುತ್ತದೆ. ಅದಕ್ಕಿಂತ ಪ್ರತಿ ಆಸ್ಪತ್ರೆ ತನ್ನ ಲೆಕ್ಕವನ್ನೇ ತೆರೆದಿಡಲಿ. ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸೊಸೈಟಿ 2019ರಲ್ಲಿ ಅಳತೆಗೋಲು ಕೊಟ್ಟಿದೆ: ಒಳಾಂಗಕ್ಕೆ ಗಾಯ ಶೇ. 1ಕ್ಕಿಂತ ಕಡಿಮೆ, 30 ದಿನದೊಳಗಿನ ಪೆರಿಟೋನೈಟಿಸ್ (ಹೊಟ್ಟೆಯ ಒಳಪೊರೆಯ ಸೋಂಕು) ಶೇ. 5ಕ್ಕಿಂತ ಕಡಿಮೆ ಇರಬೇಕು.

ತರಬೇತಿ ಪಡೆದ, ಅಲ್ಟ್ರಾಸೌಂಡ್ ಬಳಸುವ, ಕಷ್ಟದ ಹೊಟ್ಟೆಯನ್ನು ಸರ್ಜನ್‌ರಿಗೆ ಒಪ್ಪಿಸಲು ಹಿಂಜರಿಯದ ನೆಫ್ರಾಲಜಿಸ್ಟರ ಕೈಯಲ್ಲಿ ಈ ಕೆಲಸ ಇರುವುದೇ ಸರಿ. ನೆಫ್ರಾಲಜಿಯ ಡಿ.ಎಂ. ವಿದ್ಯಾರ್ಥಿಗಳಿಗೆ ಇದನ್ನು ಕೈಹಿಡಿದು ಕಲಿಸುವ ಹೊಣೆಯನ್ನು ನಮ್ಮ ವೈದ್ಯಕೀಯ ಕಾಲೇಜುಗಳು ಇನ್ನಾದರೂ ಹೊರಲಿ.