ಚಳ್ಳಕೆರೆ ಬಿಸಿಲಿಗೆ ತಕ್ಕ ಟೈರು

ಜೋರಾಗಿ ಓಡುವ ಕಾರಿಗೆ ದುಬಾರಿ ಟೈರೇ ಬೇಕೆನ್ನುವವರಿದ್ದಾರೆ. ನನ್ನ ಟರ್ಬೊ ಹ್ಯಾಚ್‌ಬ್ಯಾಕ್‌ಗೆ ಹಾಕಿಸಿರುವುದು ಇಲ್ಲೇ ತಯಾರಾದ, ಕೈಗೆಟಕುವ ಬೆಲೆಯ ಟೈರು. ಚಳ್ಳಕೆರೆಯಿಂದ ತಳಕು, ಬಿ.ಜಿ. ಕೆರೆ ದಾಟಿ ಹಾನಗಲ್ ಬಳಿ ಮೊಳಕಾಲ್ಮೂರಿಗೆ ಹೊರಳುವ ದಾರಿಯಲ್ಲಿ ಅದು ನನ್ನ ಮನಸ್ಸು ಗೆದ್ದಿದೆ.

ಯುರೋಪಿನಲ್ಲಿ ಚಳಿಗಾಲಕ್ಕೇ ಬೇರೆ ಟೈರು. 7 ಡಿಗ್ರಿಗಿಂತ ಕೆಳಗೂ ಮೆತ್ತಗಿರುವ ರಬ್ಬರು, ಹಿಮ ಕಚ್ಚಲು ಮೈತುಂಬ ಕೂದಲೆಳೆಯಂಥ ಸೀಳು. ನಮ್ಮ ಏಪ್ರಿಲ್ ಡಾಂಬರಿನ ಮೇಲೆ ಅದು ಬೇಗ ಸವೆದುಹೋಗುತ್ತದೆ. ಇಲ್ಲಿಗೆ ಬೇಕಾದದ್ದು ನನ್ನ ಟೈರಿನಲ್ಲಿರುವಂಥ, ಕಾವು ತಾಳುವ ಗಟ್ಟಿ ರಬ್ಬರು. ತಿರುವಿನಲ್ಲಿ ಸ್ಟೀರಿಂಗ್ ಕೊಂಚ ತಡವಾಗಿ ಮಾತು ಕೇಳುತ್ತದೆ, ನಿಜ. ಆದರೆ ಹಿಡಿತ ತಪ್ಪುವ ಮೊದಲೇ ಟೈರು ಕಿರುಗುಟ್ಟಿ ಎಚ್ಚರಿಸುತ್ತದೆ. ಅವಸರದ ಚಾಲಕನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಧೂಳು ಕೂತ ರಸ್ತೆಗೆ ಮೊದಲ ಮಳೆ ಬಿದ್ದಾಗ ಅದರ ಅಗಲವಾದ ತೋಡುಗಳು ನೀರನ್ನು ಹೊರಕ್ಕೆ ಚೆಲ್ಲುವ ಪರಿಗೆ ಭೇಷ್ ಅನ್ನಲೇಬೇಕು.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ: 2324 ಎಂದಿದ್ದರೆ 2024ರ 23ನೇ ವಾರದ ಸರಕು. ತೋಡಿನ ಆಳ 1.6 ಮಿಲಿಮೀಟರಿಗೆ ಇಳಿಯಿತೋ, ಮುಲಾಜಿಲ್ಲದೆ ಬಿಚ್ಚಿಸಿ.